ರ ಗ ಸ ದ ಅ

ಮಗಳು ಈಗ ಒಂದನೇತ್ತ. ಸರಕಾರಿ ಸಾಲ್ಯಾಗ ಆಡಿಸ್ತಾ ಕಲಿಸೋ ಪದ್ಧತಿ ನಲಿ-ಕಲಿಯಾಗ ಅಕ್ಷರ ಅ ಆ ಇ ಈ ಅಂತ ಶುರು ಆಗಲ್ಲ. ರ, ಗ, ಸ, ದ, ಅ ಮೊದಲು. ನಮ್ಮವ್ವಗ ಇದು ಹಿಡಿಸಲಿಲ್ಲ. "ಅ ಆ ಬಿಟ್ಟು ಇದ್ಯಾವ ಓದು?" ಅಂದ್ಲು. ಕೂಡಿಸಿ ನೋಡ್ರಿ: ಸರ, ದರ, ಅರಸ, ಗರಗಸ. ಐದೇ ಅಕ್ಷರಕ್ಕ ಕೂಸು ಪೂರಾ ಶಬ್ದ ಓದ್ತದ. ಇಡೀ ವರ್ಣಮಾಲಿ ಬಾಯಿಪಾಠ ಆಗೋತನ ಕಾಯೋದು ಬ್ಯಾಡ. ನನಗಂತೂ ಇದು ಭಾಳ ಸೇರ್ತು.

ನಿನ್ನೆ ಕಲಬುರಗಿ ಬಸ್ ಸ್ಟ್ಯಾಂಡಿನಾಗ ಬೋರ್ಡ್ ಓದ್ಲಾಕ ಹಚ್ಚಿದ್ದೆ. "ಆ... ಳ..." ಅಂತ ತಡದ್ಲು. ಬೆರಳಿಲೆ ಗಾಳ್ಯಾಗ ಸೊನ್ನಿ ತಿದ್ದಿ, "ಳಂ... ದ! ಆಳಂದ! ಅತ್ತಿ ಊರು!" ಅಂತ ಚೀರಿದ್ಲು. ಕಂಡಕ್ಟರ್ ನಕ್ಕು "ಹತ್ತು ಬಾ ಯವ್ವಾ" ಅಂದ. ಜೇವರ್ಗಿ ಮಾತ್ರ ಇನ್ನೂ ತೊಡಕು. ಅರ್ಕಾವೊತ್ತು ಬರಿಯೋದು ಗಿ ಆದಮ್ಯಾಲ, ಅನ್ನೋದು ಮೊದಲು. ಆರು ವರ್ಷದ ಕೂಸಿಗಿ ಇದು ಸಣ್ಣ ಮಾತಲ್ಲ, ಗದರಬಾರದು.

ನಮ್ಮ ಓಣ್ಯಾಗ ಭಾಳ ಮಕ್ಕಳ ಮನಿಮಾತು ಉರ್ದು, ಲಂಬಾಣಿ. ಅವರಿಗಿ ಅಕ್ಷರಾನೂ ಹೊಸದು, ಶಬ್ದಾನೂ ಹೊಸದು. ಚಿತ್ರ ತೋರಿಸಿ, ಮಾತಾಡಿಸಿ, ಆಮ್ಯಾಲ ಓದಿಸಬೇಕು. ಸಂಜಿಗಿ ಇವಳ ಜೋಡಿ ಅವರನ್ನೂ ಕುಂಡ್ರಿಸ್ಕೊಬೇಕಂತ ಮಾಡೀನಿ. ಹಳೇ ಚಿತ್ರದ ಪುಸ್ತಕ ಇದ್ದವರು ಕೊಡ್ರಿ.