ಮೊದಲು ಕೊಳ್ಳುವವರು, ಆಮೇಲೆ ತರಬೇತಿ

ಎರಡು ದಿನದ ಕಾರ್ಯಾಗಾರ, ಬಾಟಲಿ ಕತ್ತರಿಸಿ ಮಾಡಿದ ಪೆನ್ ಸ್ಟ್ಯಾಂಡ್, ಕೊನೆಗೊಂದು ಪ್ರಮಾಣಪತ್ರ, ಗುಂಪು ಫೋಟೊ. ಸಮುದಾಯದ ಮರುಬಳಕೆ ತರಬೇತಿಗಳು ಎಷ್ಟೋ ಸಲ ಇಲ್ಲಿಗೇ ನಿಂತುಬಿಡುತ್ತವೆ. ಕಲಿತವರು ಮೂರನೇ ದಿನ ಮತ್ತೆ ಮನೆಯಲ್ಲಿರುತ್ತಾರೆ. ತಿಂಗಳಿಗೆ ಇನ್ನೂರು ಪೆನ್ ಸ್ಟ್ಯಾಂಡ್ ಕೊಳ್ಳುವವರು ಯಾರಿದ್ದಾರೆ? ಇಂಥ ಮಾಲು, ಇಷ್ಟು ಶುದ್ಧವಾಗಿ, ವಾರಕ್ಕೆ ಇಷ್ಟು ಕೆಜಿ ಬೇಕು ಎನ್ನುವವರೊಬ್ಬರು ಸಿಕ್ಕ ಮೇಲೆಯೇ ಈ ಕ್ಷೇತ್ರದಲ್ಲಿ ಕೆಲಸ ಹುಟ್ಟುವುದು.

ಹಾಗಾಗಿ ಪಠ್ಯಕ್ರಮ ಬರೆಯಲು ಕೂರುವ ಮೊದಲು ಗುಜರಿ ವ್ಯಾಪಾರಿ, ಪ್ಲಾಸ್ಟಿಕ್ ಪುಡಿ ಮಾಡುವ ಘಟಕ, ಕಾಗದದ ಗಿರಣಿ, ಪೀಠೋಪಕರಣ ಮಾಡುವವರು, ಹೀಗೆ ನಾಲ್ಕೈದು ಜನರನ್ನು ಕಂಡು ಬನ್ನಿ. ಯಾವ ಮಾಲು ಬೇಕು? ಕನಿಷ್ಠ ಎಷ್ಟು ಕೆಜಿ ಸೇರಿದರೆ ಗಾಡಿ ಕಳಿಸುತ್ತೀರಿ? ಮುಚ್ಚಳ, ಲೇಬಲ್ ತೆಗೆದಿರಬೇಕೇ? ಬಣ್ಣ ಬೇರೆ ಮಾಡಿರಬೇಕೇ? ಬೆರಕೆ ಶೇಕಡಾ ಎಷ್ಟು ಮೀರಿದರೆ ವಾಪಸ್ ಕಳಿಸುತ್ತೀರಿ? ತೇವಕ್ಕೆಂದು ಎಷ್ಟು ತೂಕ ಕಳೆಯುತ್ತೀರಿ? ಹಣ ಎಷ್ಟು ದಿನಕ್ಕೆ? ಈ ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ಕೂಲಿ ವಾರಕ್ಕೊಮ್ಮೆ ಕೊಡಬೇಕು, ಮಾಲಿನ ಹಣ ನಲವತ್ತೈದು ದಿನಕ್ಕೆ ಬರುತ್ತದೆ ಎಂದಾದರೆ ಆರು ವಾರದ ಕೂಲಿ ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಬೇಕು. ಒಳ್ಳೆಯ ಗುಂಪುಗಳೂ ಮುಳುಗುವುದು ಹೆಚ್ಚಾಗಿ ಈ ಸಂದಿನಲ್ಲೇ.

ಇತ್ತ ಕಸವನ್ನೂ ಅಳೆಯಬೇಕು. ಏಳು ದಿನ ಸತತವಾಗಿ, ರಜೆಯ ದಿನವನ್ನೂ ಬಿಡದೆ, ಒಂದಷ್ಟು ಮನೆಗಳ ಒಣ ಕಸವನ್ನು ತಂದು ವಿಂಗಡಿಸಿ ತೂಗಿ. ಮೂರು ದಿನ ತೂಗಿ, ಸರಾಸರಿಯನ್ನು ಏಳರಿಂದ ಗುಣಿಸಿದ ಲೆಕ್ಕ ನಂಬುವಂಥದ್ದಲ್ಲ, ಏಕೆಂದರೆ ವಾರದ ಕೊನೆಯ ಕಸವೇ ಬೇರೆ. ಕಾಗದವನ್ನು ಒಣಗಿಸಿಯೇ ತೂಗಬೇಕು. ನೆನೆದ ರಟ್ಟಿನ ತೂಕ ನೋಡಿ ಹಿಗ್ಗಿದರೆ ಮಾರುವ ದಿನ ಮುಖ ಸಪ್ಪೆಯಾಗುತ್ತದೆ. ಏಳು ದಿನದ ಪಟ್ಟಿ ಕೈಗೆ ಬಂದ ಮೇಲೆ ಒಂದೇ ಒಂದು, ಹೆಚ್ಚೆಂದರೆ ಎರಡು ಬಗೆಯ ಮಾಲು ಆರಿಸಿಕೊಳ್ಳಿ. ಪ್ಲಾಸ್ಟಿಕ್, ಬಟ್ಟೆ, ಮರ, ಗಾಜು, ಇ-ಕಸ ಎಲ್ಲವನ್ನೂ ಒಟ್ಟಿಗೆ ಕಲಿಸುತ್ತೇವೆ ಎನ್ನುವ ಕೇಂದ್ರದಲ್ಲಿ ಯಾವುದರಲ್ಲೂ ಯಾರ ಕೈಯೂ ಪಳಗುವುದಿಲ್ಲ.

ಇನ್ನು ವಿಂಗಡಣೆ. ಇದನ್ನು ಕೌಶಲವೆಂದೇ ಲೆಕ್ಕಿಸದವರಿದ್ದಾರೆ. ನಮ್ಮ ಮಟ್ಟಿಗೆ ಇಡೀ ತರಬೇತಿಯ ಅರ್ಧ ಸಮಯ ಇದಕ್ಕೇ ಹೋಗಬೇಕು, ಸ್ಥಿರವಾದ ಉದ್ಯೋಗ ಹೆಚ್ಚು ಇರುವುದೂ ಇಲ್ಲೇ. ಪ್ಲಾಸ್ಟಿಕ್‌ನ ಬಗೆ ಹೇಳಲು ಸಾಮಾನಿನ ಮೇಲೆ ಒತ್ತಿರುವ ತ್ರಿಕೋನದೊಳಗಿನ ಅಂಕಿ ಎಲ್ಲರಿಗೂ ಗೊತ್ತು: 1 ಪಿಇಟಿ, 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ, 5 ಪಿಪಿ, 6 ಪಾಲಿಸ್ಟೈರೀನ್, 7 ಉಳಿದದ್ದೆಲ್ಲ. 1988ರಿಂದ ಬಳಕೆಯಲ್ಲಿರುವ ಈ ಗುರುತು ಸವೆದುಹೋದಾಗ, ಒಡೆದ ತುಂಡಿನಲ್ಲಿ ಇಲ್ಲದೇ ಹೋದಾಗ ಏನು ಮಾಡಬೇಕು ಎಂಬುದೇ ಕಲಿಸಬೇಕಾದ ವಿಷಯ.

ಬಾಟಲಿಯನ್ನು ತಲೆಕೆಳಗು ಮಾಡಿ ತಳ ನೋಡಿ. ನಡುವೆ ಸಣ್ಣ ಗುಂಡು ಚುಕ್ಕೆ ಉಬ್ಬಿದ್ದರೆ ಅದು ಬಹುತೇಕ ಪಿಇಟಿ; ಅಚ್ಚಿಗೆ ಪ್ಲಾಸ್ಟಿಕ್ ಹೊಕ್ಕ ಜಾಗ ಅದು. ತಳದಲ್ಲಿ ಅಡ್ಡಕ್ಕೆ ಒಂದು ಗೆರೆ ಇದ್ದರೆ ಬಿಸಿ ಪ್ಲಾಸ್ಟಿಕ್ ಕೊಳವೆಯನ್ನು ಚಿವುಟಿ ಊದಿದ ಬಾಟಲಿ, ಅಂದರೆ ಎಚ್‌ಡಿಪಿಇ ಇರಬಹುದು, ಪಿವಿಸಿಯೂ ಇರಬಹುದು. ಪಾರದರ್ಶಕವಾಗಿದ್ದು ಗೆರೆಯೂ ಇದ್ದು, ಮಡಚಿದಾಗ ಮಡಿಕೆ ಬೆಳ್ಳಗಾದರೆ ಪಿವಿಸಿ ಎಂದು ಅನುಮಾನಿಸಿ ಪಕ್ಕಕ್ಕಿಡಿ. ಒಡೆದ ತುಂಡುಗಳಿಗೆ ನೀರಿನ ಬಕೆಟ್ ಸಾಕು. ನೀರಿನ ಸಾಂದ್ರತೆ 1 ಎಂದರೆ ಪಿಪಿಯದು 0.90ರ ಆಸುಪಾಸು, ಎಲ್‌ಡಿಪಿಇ 0.92, ಎಚ್‌ಡಿಪಿಇ 0.95, ಮೂರೂ ತೇಲುತ್ತವೆ. ಪಾಲಿಸ್ಟೈರೀನ್ 1.05, ಪಿಇಟಿ 1.38, ಮುಳುಗುತ್ತವೆ. ಮುಳುಗಿದ್ದನ್ನು ಎತ್ತಿ ಉಪ್ಪುನೀರಿಗೆ ಹಾಕಿ. 900 ಗ್ರಾಂ ನೀರಿಗೆ 100 ಗ್ರಾಂ ಉಪ್ಪು ಕರಗಿಸಿದರೆ ಸಾಂದ್ರತೆ 1.07 ಆಗುತ್ತದೆ, ಪಾಲಿಸ್ಟೈರೀನ್ ಮೇಲೆ ಬರುತ್ತದೆ, ಪಿಇಟಿ ಮತ್ತು ಪಿವಿಸಿ ತಳದಲ್ಲೇ ಉಳಿಯುತ್ತವೆ. ತುಂಡಿಗೆ ಅಂಟಿದ ಗಾಳಿಗುಳ್ಳೆ ಮೋಸ ಮಾಡುತ್ತದೆ, ಆದ್ದರಿಂದ ಒಂದೆರಡು ಹನಿ ಸಾಬೂನು ದ್ರವ ಬೆರೆಸಿ ಕಡ್ಡಿಯಿಂದ ಕದಡಿ. ಪಾಲಿಸ್ಟೈರೀನನ್ನೇ ನೊರೆಯಂತೆ ಉಬ್ಬಿಸಿದ ಥರ್ಮೋಕೋಲ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಬೆಂಕಿ ಹಚ್ಚಿ ವಾಸನೆಯಿಂದ ಗುರುತಿಸುವ ಪಾಠವನ್ನು ಮಾತ್ರ ಕೈಬಿಡಿ. ಪಿವಿಸಿ ಸುಟ್ಟರೆ ಬರುವುದು ಹೈಡ್ರೋಜನ್ ಕ್ಲೋರೈಡ್, ಅದು ಮೂಗಿನಲ್ಲಿ ಪರೀಕ್ಷಿಸುವ ವಸ್ತುವಲ್ಲ.

ಪಿವಿಸಿಗೆ ಇಷ್ಟು ಹೆದರುವುದೇಕೆ? ಪಿಇಟಿ ಕರಗುವುದು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಅಷ್ಟರಲ್ಲಿ ಪಿವಿಸಿ ಸುಟ್ಟು ಕಪ್ಪಾಗಿ, ಅದರಿಂದ ಬಿಟ್ಟ ಆಮ್ಲ ಪಿಇಟಿಯನ್ನೂ ಕೆಡಿಸಿರುತ್ತದೆ. ಹತ್ತು ಸಾವಿರ ಬಾಟಲಿಯಲ್ಲಿ ಒಂದೇ ಒಂದು ಸೇರಿದರೂ ಕೊಳ್ಳುವವರಿಗೆ ಗೊತ್ತಾಗುತ್ತದೆ. ಬಾಟಲಿಗೆ ಅಂಗಿಯಂತೆ ಬಿಗಿದ ಲೇಬಲ್‌ಗಳೂ ಪಿವಿಸಿ ಆಗಿರಬಹುದು, ಅವನ್ನು ಸೀಳಿಯೇ ತೆಗೆಯಬೇಕು. ಅಂಟಿಸಿದ ತೆಳು ಲೇಬಲ್ ಪಿಪಿಯದಾದರೆ ತೊಳೆಯುವಾಗ ತೇಲಿಹೋಗುತ್ತದೆ. ಮುಚ್ಚಳವೂ ಹಾಗೆಯೇ.

ಈ ಲೇಬಲ್ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಬಾಟಲಿಯೊಂದು 20 ಗ್ರಾಂ ಎಂದಿಟ್ಟುಕೊಂಡರೆ 100 ಕೆಜಿಗೆ 5,000 ಬಾಟಲಿ. ಮುಚ್ಚಳ ತಿರುಗಿಸಿ, ಲೇಬಲ್ ಸೀಳಿ, ಬುಟ್ಟಿಗೆ ಎಸೆಯಲು ಒಂದಕ್ಕೆ ಆರು ಸೆಕೆಂಡ್ ಆದರೂ 30,000 ಸೆಕೆಂಡ್, ಅಂದರೆ ಎಂಟು ಗಂಟೆ ಇಪ್ಪತ್ತು ನಿಮಿಷ. ಒಬ್ಬರ ಪೂರ್ತಿ ದಿನ. ಹಾಗೆ ಮಾಡಿದ ಮಾಲಿಗೆ ಕೆಜಿಗೆ ಸಿಗುವ ಹೆಚ್ಚಿನ ದರವನ್ನು ನೂರರಿಂದ ಗುಣಿಸಿ. ಅದು ಒಂದು ದಿನದ ಕೂಲಿಗಿಂತ ಕಡಿಮೆಯಾದರೆ, ಲೇಬಲ್ ಸಮೇತ ಕೊಳ್ಳುವವರನ್ನೇ ಹುಡುಕುವುದು ಲೇಸು. ಜಾಗದ ಲೆಕ್ಕವೂ ಇದೆ: ಅಮುಕದ ಬಾಟಲಿ 100 ಕೆಜಿಗೆ ಮೂರು ನಾಲ್ಕು ಘನ ಮೀಟರ್ ನುಂಗುತ್ತದೆ, ಕೋಣೆಯ ಒಂದು ಮೂಲೆ ಪೂರ್ತಿ.

ಮೇಜು ಸೊಂಟದ ಎತ್ತರಕ್ಕಿರಲಿ, 85ರಿಂದ 90 ಸೆಂಟಿಮೀಟರ್. ನೆಲದಲ್ಲಿ ಕೂತು ವಿಂಗಡಿಸಿದರೆ ವರ್ಷದೊಳಗೆ ಬೆನ್ನು ಹೋಗುತ್ತದೆ. ಚೂಪು ವಸ್ತು ತಾಗಿದರೂ ಸೀಳದ ಕೈಗವಸು, ಸೂಜಿ ಮತ್ತು ಬ್ಲೇಡಿಗೆ ಗಟ್ಟಿ ಡಬ್ಬಿ, ಧನುರ್ವಾಯು ಹಾಗೂ ಹೆಪಟೈಟಿಸ್ ಬಿ ಲಸಿಕೆ ಮೊದಲ ದಿನಕ್ಕೇ ಆಗಬೇಕಾದ ಏರ್ಪಾಡು. ಲಿಥಿಯಂ ಬ್ಯಾಟರಿ ಕಣ್ಣಿಗೆ ಬಿದ್ದರೆ ಎರಡೂ ತುದಿಗೆ ಟೇಪ್ ಸುತ್ತಿ, ಒಣ ಮರಳಿನ ಲೋಹದ ಡಬ್ಬಿಯಲ್ಲಿ ಕಟ್ಟಡದ ಹೊರಗಿಡಿ. ಅಮುಕುವ ಯಂತ್ರದೊಳಗೆ ಅಂಥದ್ದೊಂದು ಸಿಕ್ಕಿಕೊಂಡರೆ ಹೊತ್ತಿಕೊಳ್ಳುವುದು ಖಂಡಿತ ಎಂದೇ ತಿಳಿಯಿರಿ.

ಅಪ್‌ಸೈಕ್ಲಿಂಗ್‌ನಲ್ಲಿ, ಅಂದರೆ ಕಸದಿಂದ ಹೆಚ್ಚು ಬೆಲೆಯ ವಸ್ತು ಮಾಡುವುದರಲ್ಲಿ, ನಮಗೆ ಹೆಚ್ಚು ನಂಬಿಕೆ ಇರುವುದು ಮುಚ್ಚಳಗಳಿಂದ ಒತ್ತಿದ ಹಲಗೆಯ ಮೇಲೆ. ಡಚ್ ವಿನ್ಯಾಸಕ ಡೇವ್ ಹಕೆನ್ಸ್ 2013ರಲ್ಲಿ ಶುರು ಮಾಡಿದ ಪ್ರೆಷಸ್ ಪ್ಲಾಸ್ಟಿಕ್ ಯೋಜನೆ ಇಂಥ ಸಣ್ಣ ಯಂತ್ರಗಳ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆ, ವೆಲ್ಡಿಂಗ್ ಬಲ್ಲವರು ಕಟ್ಟಿಕೊಳ್ಳಬಹುದು. 60 ಸೆಂ.ಮೀ. ಚದರದ, 1 ಸೆಂ.ಮೀ. ದಪ್ಪದ ಎಚ್‌ಡಿಪಿಇ ಹಲಗೆಗೆ ಎಷ್ಟು ಪುಡಿ ಬೇಕು? 60 × 60 × 1 ಅಂದರೆ 3,600 ಘನ ಸೆಂ.ಮೀ., ಅದಕ್ಕೆ 0.95ರ ಸಾಂದ್ರತೆ, 3,420 ಗ್ರಾಂ. ಅಂಚಿನಿಂದ ಸೋರುವುದಕ್ಕೆ ಶೇಕಡಾ 5 ಸೇರಿಸಿ 3.6 ಕೆಜಿ ತೂಗಿಕೊಳ್ಳಿ. ಮುಚ್ಚಳದ ಲೆಕ್ಕದಲ್ಲಿ ಸುಮಾರು ಒಂದೂವರೆ ಸಾವಿರ. ಎಲ್ಲ ಮುಚ್ಚಳವೂ ಎಚ್‌ಡಿಪಿಇ ಅಲ್ಲ, ಪಿಪಿಯವೂ ಇವೆ; ಒಳಗಿನ ಅಂಕಿ ನೋಡಿ ಬೇರೆ ಮಾಡದಿದ್ದರೆ ಎರಡೂ ಒಂದಕ್ಕೊಂದು ಬೆಸೆಯದೆ ಹಲಗೆ ಪದರ ಪದರವಾಗಿ ಬಿಡುತ್ತದೆ. ಒಳಗಿನ ಮೆತ್ತನೆ ಬಿಲ್ಲೆ, ರಟ್ಟಿನ ಚೂರು ಕಿತ್ತು, ತೊಳೆದು, ಪೂರ್ತಿ ಒಣಗಿಸಿ, 5ರಿಂದ 10 ಮಿ.ಮೀ. ಚೂರಾಗಿ ಪುಡಿ ಮಾಡಿ. ಯಂತ್ರದ ಬಾಯಿಗೆ ಹಾಕುವ ಮೊದಲು ಅಯಸ್ಕಾಂತ ಆಡಿಸುವುದನ್ನು ಮರೆತರೆ ಒಂದು ಮೊಳೆ ಸಾಕು, ಅಲಗು ಹೋಗುತ್ತದೆ.

ಹಲಗೆ ಒತ್ತುವ ಯಂತ್ರದ ತಟ್ಟೆಯ ಬಿಸಿ 180ರಿಂದ 200 ಡಿಗ್ರಿ. ಮೇಲೆ ಕೆಳಗೆ ಅಂಟದ ಟೆಫ್ಲಾನ್ ಹಾಳೆ. ಚೂರನ್ನು ಮೂಲೆಗಳಿಗೆ ಸ್ವಲ್ಪ ಹೆಚ್ಚೇ ಹರಡಿ, ಮೂಲೆ ಯಾವಾಗಲೂ ಕಡಿಮೆ ಬೀಳುತ್ತದೆ. ಈ ದಪ್ಪಕ್ಕೆ ಮುಕ್ಕಾಲು ಗಂಟೆಯ ಆಸುಪಾಸು ಹಿಡಿಯುತ್ತದೆ, ನಡುನಡುವೆ ಒತ್ತಡ ಬಿಗಿಸುತ್ತಾ ಹೋಗಬೇಕು. ಹೊಗೆ ಕಂಡರೆ ಬಿಸಿ ಹೆಚ್ಚಾಗಿದೆ ಇಲ್ಲವೇ ಬೇಡದ ಪ್ಲಾಸ್ಟಿಕ್ ಸೇರಿದೆ, ಆರಿಸಿ ಕಿಟಕಿ ತೆರೆಯಿರಿ. ತಾಳ್ಮೆ ಕೆಡುವುದು ತಣಿಸುವ ಹೊತ್ತಿಗೆ. ಎಚ್‌ಡಿಪಿಇ ತಣಿಯುವಾಗ ಶೇಕಡಾ 2ರಿಂದ 4ರವರೆಗೆ ಕುಗ್ಗುತ್ತದೆ, ಒಂದು ಬದಿ ಬೇಗ ತಣಿದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಭಾರದ ಅಡಿಯಲ್ಲೇ ಬಿಟ್ಟು, ಕೈ ಇಡಬಹುದಾದಷ್ಟು ಆರಿದ ಮೇಲೆಯೇ ತೆಗೆಯಿರಿ. ಕತ್ತರಿಸಿದಾಗ ಒಳಗೆ ಗುಳ್ಳೆ ಕಂಡರೆ ಚೂರು ಒದ್ದೆಯಿತ್ತು ಅಥವಾ ಒತ್ತಡ ಸಾಲಲಿಲ್ಲ. ಬಿಳಿ ಕಾಳು ಕಂಡರೆ ನಡುಭಾಗ ಕರಗಿಲ್ಲ. ಗರಗಸದ ಸೀಳು 3 ಮಿ.ಮೀ. ತಿನ್ನುತ್ತದೆ, ಹಾಗಾಗಿ ಆರಿದ ಮೇಲೂ 60 ಸೆಂ.ಮೀ. ಇರುವ ಹಲಗೆಯಿಂದ 30ರ ನಾಲ್ಕು ಪೀಠ ಬರುವುದಿಲ್ಲ, 29.5 ಎಂದು ಲೆಕ್ಕ ಹಾಕಿ. ಗರಗಸದ ಪುಡಿಯನ್ನು ಗುಡಿಸಿ ಚರಂಡಿಗೆ ಬಿಡದೆ ಮುಂದಿನ ಹಲಗೆಗೆ ಹಾಕಿ. ಈ ಹಲಗೆಯಿಂದ ತರಕಾರಿ ಹೆಚ್ಚುವ ಮಣೆ ಮಾಡಿ ಮಾರುವ ಆಸೆ ಮಾತ್ರ ಬೇಡ, ಮುಚ್ಚಳ ಯಾವ ಬಾಟಲಿಯದೋ ಯಾರಿಗೆ ಗೊತ್ತು.

ಹೊಲಿಗೆ ಬಲ್ಲವರಿರುವ ಕಡೆ ಹಳೆ ಜೀನ್ಸ್‌ನ ಚೀಲ ಸುಲಭದ ಆರಂಭ. ಹೊಲಿಗೆ ಬಿಚ್ಚುತ್ತಾ ಕೂರಬೇಡಿ, ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ. 100/16 ಅಳತೆಯ ಸೂಜಿ, 3ರಿಂದ 3.5 ಮಿ.ಮೀ. ಉದ್ದದ ಹೊಲಿಗೆ. ನಾಲ್ಕೈದು ಪದರ ಸೇರುವ ಗಂಟಿನಲ್ಲಿ ಸೂಜಿ ಮುರಿಯುತ್ತದೆ. ಮೊದಲು ಅಲ್ಲಿ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸಿ. ಎಳೆದರೆ ಹಿಗ್ಗುವ ಜೀನ್ಸನ್ನು ಗಟ್ಟಿ ಜೀನ್ಸಿನ ಜೊತೆ ಜೋಡಿಸಬೇಡಿ, ಸುಕ್ಕುಗಟ್ಟುತ್ತದೆ. ದಿನದಲ್ಲಿ ನಿಜವಾಗಿ ಹೊಲಿಯುವುದು ಐದೂವರೆ ಗಂಟೆ, ಚೀಲಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಎಂದಾದರೆ ದಿನಕ್ಕೆ ನಾಲ್ಕು. ಅಂದರೆ ದಾರ, ಜಿಪ್, ಬಾಡಿಗೆ, ಮಾರುವವರ ಪಾಲು ಕಳೆದು ಒಂದು ಚೀಲದಲ್ಲಿ ದಿನದ ಕೂಲಿಯ ಕಾಲುಭಾಗ ಉಳಿಯಲೇಬೇಕು. ಉಳಿಯದಿದ್ದರೆ ವಿನ್ಯಾಸ ಸರಳ ಮಾಡಿ. ಕೂಲಿಗೆ ಕೈ ಹಾಕಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹಸಿರು ಉದ್ಯೋಗವನ್ನು ವಿವರಿಸುವಾಗ ಪರಿಸರ ಉಳಿಸುವ ಕೆಲಸ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಘನತೆಯ ಕೆಲಸವೂ ಆಗಿರಬೇಕು ಎನ್ನುತ್ತದೆ.

ಸರಕು ಇಟ್ಟು ಸಾಗಿಸುವ ಮರದ ಪ್ಯಾಲೆಟ್ ಬಿಚ್ಚುವವರು ಅದರ ಮುದ್ರೆ ನೋಡಲಿ: ಎಚ್‌ಟಿ (HT) ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ಬಳಸಬಹುದು, ಎಂಬಿ (MB) ಎಂದರೆ ಕೀಟ ಕೊಲ್ಲುವ ವಿಷಾನಿಲ ಮೀಥೈಲ್ ಬ್ರೋಮೈಡ್, ಮುಟ್ಟಬೇಡಿ. ಇ-ಕಸವನ್ನು ಆರಂಭದ ತರಬೇತಿಗೆ ಸೇರಿಸದಿರುವುದೇ ವಾಸಿ.

ತರಬೇತಿಯ ಅವಧಿ ಆರು ವಾರ, ತಂಡಕ್ಕೆ ಹತ್ತು ಹನ್ನೆರಡು ಜನ ಸಾಕು. ಅಷ್ಟೂ ದಿನ ಭತ್ಯೆ ಕೊಡಬೇಕು, ಇಲ್ಲದಿದ್ದರೆ ಯಾರಿಗೆ ಕೆಲಸ ತುರ್ತಾಗಿ ಬೇಕೋ ಅವರೇ ಮೊದಲ ವಾರದಲ್ಲಿ ಬಿಟ್ಟುಹೋಗುತ್ತಾರೆ. ಈಗಾಗಲೇ ಚಿಂದಿ ಆಯುತ್ತಿರುವವರನ್ನು ಬರೀ ವಿದ್ಯಾರ್ಥಿಗಳಾಗಿ ಕೂರಿಸುವುದು ದಡ್ಡತನ. ಮಾಲಿನ ಗುರುತು ಅವರ ಬೆರಳಿಗೇ ಇರುತ್ತದೆ, ಅವರಿಂದಲೇ ಕಲಿಸಿ, ಅದಕ್ಕೆ ಸಂಬಳವನ್ನೂ ಕೊಡಿ. ಪರೀಕ್ಷೆ ಕಾಗದದ ಮೇಲೆ ಬೇಡ. ಬೆರಕೆ ಮೂಟೆ ಸುರಿದು ವಿಂಗಡಿಸಲು ಹೇಳಿ, ವಿಂಗಡಿಸಿದ್ದರಿಂದ 5 ಕೆಜಿ ತೆಗೆದು ತಪ್ಪು ವಸ್ತುಗಳನ್ನು ತೂಗಿ. 100 ಗ್ರಾಂ ಸಿಕ್ಕರೆ ಬೆರಕೆ ಶೇಕಡಾ 2. ಕೊಳ್ಳುವವರು ಹೇಳಿದ ಮಿತಿಯೊಳಗಿದ್ದರೆ ಪಾಸು.

ಎಷ್ಟು ಕಲಿಸಿದರೂ ಒಂದಲ್ಲ ಒಂದು ಮೂಟೆ ವಾಪಸ್ ಬರುತ್ತದೆ. ಬಂದ ಮೂಟೆಯನ್ನು ಮೇಜಿನ ಮೇಲೆ ಸುರಿದು, ಯಾವ ವಸ್ತು ಎಷ್ಟು ಗ್ರಾಂ ತಪ್ಪಾಗಿ ಸೇರಿತ್ತು ಎಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ತಂಡದ ಪರೀಕ್ಷೆಯ ಮೂಟೆಗೆ ಆ ವಸ್ತುಗಳನ್ನೇ ಬೆರೆಸಿ.