ಗೆರೆಗಳ ಮೇಲೆ ನಿಂತ ಸ್ವರ

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಇಂದಿನ ಟರ್ಕಿಯಲ್ಲಿ, ಸೀಕಿಲೋಸ್ ಎಂಬಾತ ನಿಲ್ಲಿಸಿದ ಕಲ್ಲಿನ ಮೇಲೆ ಒಂದು ಪುಟ್ಟ ಹಾಡಿದೆ. ಸಾಹಿತ್ಯದ ಮೇಲ್ಗಡೆಯೇ ಗ್ರೀಕ್ ಅಕ್ಷರಗಳಲ್ಲಿ ಸ್ವರಗಳನ್ನು ಕೊರೆದಿರುವುದರಿಂದ ಅದನ್ನು ಈಗಲೂ ಹಾಡುತ್ತಾರೆ. ನಿನ್ನೆ ಅದರ ಧ್ವನಿಮುದ್ರಣವೊಂದನ್ನು ಕೇಳಿದೆ. ಅಚ್ಚರಿಯೆಂದರೆ, ಪಶ್ಚಿಮ ಯುರೋಪು ಆ ಸ್ವರಲಿಪಿಯನ್ನು ಮರೆತೇಬಿಟ್ಟಿತು. 7ನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯ ಬಿಷಪ್ ಇಸಿಡೋರ್, ನಾದವನ್ನು ಬರೆದಿಡಲಾಗದು, ನೆನಪಿನಲ್ಲಿ ಉಳಿಯದಿದ್ದರೆ ಅದು ಅಳಿದುಹೋಗುತ್ತದೆ ಎಂದೇ ನಂಬಿದ್ದರು.

11ನೆಯ ಶತಮಾನದಲ್ಲಿ ಇಟಲಿಯ ಸಂನ್ಯಾಸಿ, ಅರೆಝೋದ ಗ್ವಿಡೋ, ಸ್ವರಗಳನ್ನು ಅವುಗಳ ಎತ್ತರಕ್ಕೆ ತಕ್ಕಂತೆ ಅಡ್ಡಗೆರೆಗಳ ಮೇಲೆ ಬರೆದು, ಒಂದು ಸ್ವರದ ಗೆರೆಗೆ ಕೆಂಪು, ಇನ್ನೊಂದರ ಗೆರೆಗೆ ಹಳದಿ ಬಣ್ಣ ಕೊಟ್ಟು, ಎಂದೂ ಕೇಳದ ಹಾಡನ್ನೂ ಹುಡುಗರು ನೋಡಿಯೇ ಹಾಡುವಂತೆ ಮಾಡಿದರು. ಹತ್ತು ವರ್ಷಗಳ ಕಲಿಕೆ ಒಂದೆರಡು ವರ್ಷಕ್ಕೆ ಇಳಿಯಿತೆಂಬುದು ಅವರದೇ ಹೇಳಿಕೆ. (ಗುರುಗಳು ತಮ್ಮ ಪದ್ಧತಿಯನ್ನು ತಾವೇ ಹೊಗಳಿಕೊಳ್ಳುವುದು ಹೊಸತೇನಲ್ಲ.) ಆದರೂ ಸ್ವರ ಹೀಗೆ ಗೆರೆಗಳ ಮೇಲೆ ನಿಲ್ಲದೆ ಹೋಗಿದ್ದರೆ, ಪ್ಯಾರಿಸ್‌ನ ನಾತ್ರ್ ದಾಮ್ ಚರ್ಚ್‌ನಲ್ಲಿ ವಾಗ್ಗೇಯಕಾರ ಪೆರೊತಿನ್ ಹೆಣೆದ ನಾಲ್ಕು ಧ್ವನಿಗಳ ಗಾಯನ ನಮ್ಮವರೆಗೆ ಬರುತ್ತಿರಲಿಲ್ಲವೇನೋ.

ನನಗೆ ಹೆಚ್ಚು ಇಷ್ಟವಾಗುವುದು ಬರೋಕ್ ಕಾಲದ (ಯುರೋಪಿನ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಅವಧಿ) ತಿರುವು. ಎಲ್ಲವನ್ನೂ ಬರೆಯಲು ಕಲಿತ ಮೇಲೂ, 1600ರ ಹೊತ್ತಿಗೆ ಇಟಲಿಯ ವಾಗ್ಗೇಯಕಾರರು ಹಾರ್ಪ್ಸಿಕಾರ್ಡ್ (ಪಿಯಾನೋದಂಥ ಕೀಲಿಮಣೆ ವಾದ್ಯ) ನುಡಿಸುವವನಿಗೆ ಕೇವಲ ಮಂದ್ರದ ಒಂದು ಸಾಲನ್ನೂ ಅದರ ಜೊತೆಗೆ ಮೇಲಿನ ಸ್ವರಗಳ ಸುಳಿವು ಕೊಡುವ ಕೆಲವು ಅಂಕಿಗಳನ್ನೂ ಕೊಟ್ಟು, ಅದರ ಮೇಲಿನ ಸ್ವರಮೇಳವನ್ನು ಸ್ಥಳದಲ್ಲೇ ತುಂಬಿಸಿಕೊಳ್ಳುವ ಹೊಣೆಯನ್ನು ಅವನ ಬೆರಳುಗಳಿಗೇ ಬಿಟ್ಟರು.