ಕರೆಂಟ್ ಬಂತು, ರೀಡಿಂಗ್ ಹೋಯಿತು

ಮೂಡಿಗೆರೆ ಹತ್ತಿರ ನನ್ನ ಸೋದರಮಾವನ ತೋಟ. ಮನೆಗೆ, ಮತ್ತೆ ಒಂದಷ್ಟು ಪರಿಚಯದವರಿಗೆ ಬೇಕಾಗುವಷ್ಟು ಕಾಫಿ ಬೀಜವನ್ನು ಅವರೇ ಹುರಿಯುತ್ತಾರೆ. ಅದಕ್ಕೊಂದು ಸಣ್ಣ ಡ್ರಮ್ ಇದೆ. ಕೆಳಗೆ ಗ್ಯಾಸ್ ಒಲೆ, ಪಕ್ಕದಲ್ಲಿ ತಿರುಗಿಸೋಕೆ ಮೋಟಾರು, ಕರೆಂಟ್ ಹೋದರೆ ಕೈಯಲ್ಲಿ ತಿರುಗಿಸೋಕೆ ಒಂದು ಹಿಡಿಕೆ. ಮಲೆನಾಡಲ್ಲಿ ಹಿಡಿಕೆ ಇಲ್ಲದ ಯಂತ್ರವನ್ನು ಯಾರೂ ನಂಬಲ್ಲ.

"ನೀನು ಅದೇನೋ ಎಲೆಕ್ಟ್ರಾನಿಕ್ಸ್ ಅಂತೀಯಲ್ಲ, ಡ್ರಮ್ ಒಳಗೆ ಎಷ್ಟು ಬಿಸಿ ಇದೆ ಅಂತ ತೋರಿಸೋದೊಂದು ಮಾಡಿಕೊಡು ಮಾರಾಯ" ಅಂದರು ಮಾವ. ನಾನು ಹೂಂ ಅಂದುಬಿಟ್ಟೆ. ಧೈರ್ಯಕ್ಕೆ ಕಾರಣ ಇತ್ತು. ಆರು ತಿಂಗಳ ಹಿಂದೆ ಅವರಿಗೇ ಲೋಡ್ ಸೆಲ್ (ಭಾರ ಬಿದ್ದರೆ ಸಣ್ಣ ವೋಲ್ಟೇಜ್ ಕೊಡೋ ಸೆನ್ಸರ್) ಹಾಕಿ ಒಂದು ತೂಕದ ಯಂತ್ರ ಮಾಡಿಕೊಟ್ಟಿದ್ದೆ, ಮೊದಲ ದಿನವೇ ಸರಿಯಾಗಿ ಕೆಲಸ ಮಾಡಿತ್ತು. ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡೋ ಎಡಿ620 ಅನ್ನೋ ಆಂಪ್ಲಿಫೈಯರ್ ಐಸಿ, ಅದನ್ನು ಓದಿ ಲೆಕ್ಕ ಹಾಕೋಕೆ ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಯುಎಸ್‌ಬಿಯ 5 ವೋಲ್ಟ್, ಅಷ್ಟೇ. ಲೋಡ್ ಸೆಲ್ ಕೊಡೋದು ಪೂರ್ತಿ ಭಾರಕ್ಕೆ 10 ಮಿಲಿವೋಲ್ಟ್. ಬಿಸಿ ಅಳೆಯೋಕೆ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ವೈರಿನ ತುದಿ ಬೆಸೆದ ಸೆನ್ಸರ್; ಅದರ ಕೆ ಟೈಪ್ 200 ಡಿಗ್ರಿಗೆ ಕೊಡೋದು ಸುಮಾರು 8 ಮಿಲಿವೋಲ್ಟ್. ಸಿಗ್ನಲ್ಲಿಗೆ ಅದಕ್ಕೂ ಎರಡು ವೈರು, ಇದಕ್ಕೂ ಎರಡು ವೈರು. ಹಳೇ ಬೋರ್ಡಿನ ಹಾಗೇ ಇನ್ನೊಂದು ಮಾಡಿದರೆ ಆಯ್ತು ಅಲ್ವಾ?

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಸ್ಟೀಲ್ ಕೊಳವೆಯ ಥರ್ಮೋಕಪಲ್ ಕೇಳಿದೆ. ಅಂಗಡಿಯವರು "ಗ್ರೌಂಡೆಡ್ ಬೇಕಾ, ಅನ್‌ಗ್ರೌಂಡೆಡ್ ಬೇಕಾ?" ಅಂದರು. "ಯಾವುದಾದ್ರೂ ಕೊಡಿ ಸಾರ್" ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಬೆಂಗಳೂರಿನ ಮನೆಯಲ್ಲಿ ಜೋಡಿಸಿದೆ. ರೀಡಿಂಗ್ ಸುಮ್ನೆ ಅಲೆಯುತ್ತಿತ್ತು. ಬಿಸಿನೀರಿಗೆ ಅದ್ದಿದರೂ ಅಷ್ಟೇ, ತೆಗೆದರೂ ಅಷ್ಟೇ, ಆದರೆ ಕೈ ಹತ್ತಿರ ತಂದರೆ ಕುಣಿಯುತ್ತಿತ್ತು. ವೈರ್ ಎರಡೂ ಗಾಳಿಯಲ್ಲಿ ತೇಲುತ್ತಿವೆ, ಅದಕ್ಕೇ ಹೀಗೆ ಅನ್ನೋದು ಹೊಳೆದು, ಮೈನಸ್ ವೈರನ್ನು ಗ್ರೌಂಡಿಗೆ, ಅಂದರೆ ಬೋರ್ಡಿನ 0 ವೋಲ್ಟಿಗೆ, ಹಾಕಿದೆ. ರೀಡಿಂಗ್ ಗಟ್ಟಿ ನಿಂತಿತು. ಖುಷಿಯಾಗಿ ಟೀ ಮಾಡಿಕೊಂಡು ಬಂದೆ. ಆ ಟೀಗೇ ಥರ್ಮೋಕಪಲ್ ಅದ್ದಿ ನೋಡಿದರೆ, ಎಷ್ಟು ಗಟ್ಟಿ ನಿಂತಿದೆ ಅಂದರೆ ಅಲ್ಲಾಡಲೇ ಇಲ್ಲ! ಸತ್ತು ನಿಂತಿತ್ತು.

ಆಗ ಆ ಐಸಿಯ ಡೇಟಾಶೀಟ್, ಅಂದರೆ ತಯಾರಕರು ಕೊಡೋ ವಿವರದ ಹಾಳೆ, ತೆಗೆದೆ. ಮೊದಲೇ ತೆಗೆಯಬೇಕಿತ್ತು, ಯಾರು ತೆಗೀತಾರೆ? ಅದರ ಪ್ರಕಾರ ಎಡಿ620ರ ಎರಡೂ ಇನ್‌ಪುಟ್ ಕೆಳಗಿನ ಸಪ್ಲೈಗಿಂತ 1.9 ವೋಲ್ಟ್ ಮೇಲಿರಬೇಕು, ಮೇಲಿನ ಸಪ್ಲೈಗಿಂತ 1.2 ವೋಲ್ಟ್ ಕೆಳಗಿರಬೇಕು. ನನ್ನ ಹತ್ತಿರ ಇರೋದು ಒಂದೇ ಸಪ್ಲೈ, 0 ಮತ್ತು 5. ಅಂದರೆ 1.9ರಿಂದ 3.8ರ ಒಳಗೆ ಇದ್ದರೆ ಮಾತ್ರ ಲೆಕ್ಕ. ಇದು ಹೇಗೆ ಅಂದರೆ, ಇಬ್ಬರಲ್ಲಿ ಯಾರು ಎಷ್ಟು ಎತ್ತರ ಅಂತ ಹೇಳಬೇಕಾದವನು ಅಟ್ಟದ ಕಿಟಕಿಯಲ್ಲಿ ಕೂತಿದ್ದಾನೆ. ಆ ಇಬ್ಬರೂ ಕಿಟಕಿಯ ಮಟ್ಟಕ್ಕೆ ಹತ್ತಿ ನಿಂತರೆ ಮಾತ್ರ ಅವನಿಗೆ ಕಾಣೋದು. ನಾನು ಅವರನ್ನು ಅಂಗಳದಲ್ಲಿ ನಿಲ್ಲಿಸಿ, ಹೇಳು ಅಂತಿದ್ದೆ.

ಹಾಗಾದರೆ ಲೋಡ್ ಸೆಲ್ ಹೇಗೆ ನಡೆಯಿತು? ಅದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ. ಲೋಡ್ ಸೆಲ್ ಒಳಗೆ ನಾಲ್ಕು ರೆಸಿಸ್ಟರ್‌ಗಳ ಬ್ರಿಡ್ಜ್ ಇರುತ್ತೆ. ಅದಕ್ಕೆ 5 ವೋಲ್ಟ್ ಕೊಟ್ಟರೆ ಸಿಗ್ನಲ್ಲಿನ ಎರಡೂ ವೈರು ತಾವಾಗಿಯೇ ಸರಿಯಾಗಿ ಅರ್ಧದಲ್ಲಿ, 2.5 ವೋಲ್ಟಿನಲ್ಲಿ ಕೂತಿರುತ್ತವೆ. ಕಿಟಕಿಯ ಮಟ್ಟದಲ್ಲೇ. ಥರ್ಮೋಕಪಲ್‌ಗೆ ಆ ಭಾಗ್ಯ ಇಲ್ಲ. ಅದು ಕೊಡೋದು ಎರಡು ವೈರಿನ ನಡುವಿನ ವ್ಯತ್ಯಾಸ ಮಾತ್ರ, ಎಲ್ಲಿ ನಿಲ್ಲಬೇಕು ಅನ್ನೋದನ್ನು ನಾವೇ ಹೇಳಿಕೊಡಬೇಕು.

ಸರಿ, ಹೇಳಿಕೊಟ್ಟೆ. ಬೋರ್ಡಿನಲ್ಲಿ 10 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕಿ ಮಾಡಿದ 2.5 ವೋಲ್ಟ್ ಇತ್ತು, ಔಟ್‌ಪುಟ್ ಯಾವ ಮಟ್ಟದಿಂದ ಶುರುವಾಗಬೇಕು ಅಂತ ಹೇಳೋ ಐಸಿಯ ರೆಫರೆನ್ಸ್ ಪಿನ್ನಿಗೆ ಅದೇ ಹೋಗುತ್ತಿತ್ತು. ಮೈನಸ್ ವೈರನ್ನು ಇನ್ನೊಂದು 10 ಕಿಲೋ ಓಮ್ ಮೂಲಕ ಅಲ್ಲಿಗೇ ಕಟ್ಟಿದೆ. ಜೀವ ಬಂತು! ಬಿಸಿನೀರಿಗೆ ಅದ್ದಿದೆ. ಕೆಳಗಿಳಿಯಿತು. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಕೆ ಟೈಪಿನ ಹಳದಿ ವೈರು ಪ್ಲಸ್, ಕೆಂಪು ವೈರು ಮೈನಸ್. ಕೆಂಪು ಅಂದರೆ ಪ್ಲಸ್ ಅಂತ ಹುಟ್ಟಿದಾಗಿನಿಂದ ನಂಬಿದವನಿಗೆ ಇದು ಮೋಸ ಅನ್ನಿಸದೇ ಇರುತ್ತಾ?

ವೈರು ಅದಲು ಬದಲು ಮಾಡಿದ ಮೇಲೂ ಲೆಕ್ಕ ಕೂಡಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದರೆ, ಬಿಸಿ ಏರಿದ ಹಾಗೆ ಆ 2.5 ವೋಲ್ಟೇ 20 ಮಿಲಿವೋಲ್ಟಿನಷ್ಟು ಸರಿಯುತ್ತಿತ್ತು. ರೆಫರೆನ್ಸ್ ಪಿನ್ನಿನ ಹಿಂದೆ ಐಸಿಯ ಒಳಗೂ 10 ಕಿಲೋ ಓಮ್‌ನ ರೆಸಿಸ್ಟರುಗಳಿವೆ, ಸಿಗ್ನಲ್ ಬದಲಾದರೆ ಅಲ್ಲಿ ಹರಿಯೋ ಕರೆಂಟೂ ಬದಲಾಗುತ್ತೆ, ಎರಡು ರೆಸಿಸ್ಟರ್ ಹಾಕಿ ಮಾಡಿದ ಬಡ ವೋಲ್ಟೇಜು ಅದಕ್ಕೆ ಬಗ್ಗುತ್ತೆ. ನಾನು ಒಂದು ಡಿಗ್ರಿಗೆ 4 ಮಿಲಿವೋಲ್ಟಿನ ಲೆಕ್ಕದಲ್ಲಿರುವಾಗ 20 ಅಂದರೆ ಸಣ್ಣದಲ್ಲ. ತೂಕದ ಯಂತ್ರದಲ್ಲೂ ಈ ತಪ್ಪು ಇದ್ದೇ ಇತ್ತು. ಕ್ಯಾಲಿಬ್ರೇಷನ್ ಮಾಡುವಾಗ ಗೊತ್ತಿರೋ ತೂಕಕ್ಕೆ ಹೊಂದಿಸಿದ್ದರಿಂದ ಮುಚ್ಚಿಹೋಗಿತ್ತು. ಮಧ್ಯೆ ಎಲ್‌ಎಂ358 ಅನ್ನೋ ಐಸಿಯ ಅರ್ಧ ಭಾಗವನ್ನು ಬಫರ್ ಆಗಿ, ಅಂದರೆ ಕರೆಂಟ್ ಎಳೆದರೂ ವೋಲ್ಟೇಜ್ ಬಗ್ಗದ ಹಾಗೆ ಹಿಡಿಯೋಕೆ, ಹಾಕಿದೆ. 2.5 ಬಂಡೆ ಹಾಗೆ ನಿಂತಿತು. ಥರ್ಮೋಕಪಲ್ ಹೇಳೋದು ತುದಿಗೂ ಬೋರ್ಡಿಗೂ ಇರೋ ಬಿಸಿಯ ವ್ಯತ್ಯಾಸ ಮಾತ್ರ, ಹಾಗಾಗಿ ರೂಮಿನ ಬಿಸಿಯನ್ನು ಸೇರಿಸಿಕೊಳ್ಳೋಕೆ ಎಲ್‌ಎಂ35 ಅನ್ನೋ ಸೆನ್ಸರ್ ಹಾಕಿದೆ. ಕುದಿಯೋ ನೀರು 98, 99 ತೋರಿಸಿತು. ಸಾಕು.

ಫೆಬ್ರವರಿಯ ಒಂದು ಭಾನುವಾರ ಮೂಡಿಗೆರೆಗೆ ಹೋದೆ. ಥರ್ಮೋಕಪಲ್‌ನ ಸ್ಟೀಲ್ ಕಡ್ಡಿಯನ್ನು ಡ್ರಮ್ಮಿಗೆ ತೂರಿಸಿ ನಟ್ಟು ಬಿಗಿದು, ಲ್ಯಾಪ್‌ಟಾಪ್ ತೆರೆದು ಕೂತೆ. ಶುರು ಮಾಡಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಮಾವ ಬೇಜಾರೇ ಮಾಡಿಕೊಳ್ಳದೆ ಹಿಡಿಕೆ ತಿರುಗಿಸೋಕೆ ನಿಂತರು. ರೀಡಿಂಗ್ ಚೆನ್ನಾಗಿ ಏರುತ್ತಿತ್ತು. 120, 140, 160. ಅತ್ತೆ ಕೂಡ ಬಂದು ನೋಡಿ "ಪರವಾಗಿಲ್ವೇ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

170ರ ಹತ್ತಿರ ಕರೆಂಟ್ ಬಂತು. ಮೋಟಾರ್ ಹಾಕಿದೆವು, ಏನೂ ತೊಂದರೆ ಆಗಲಿಲ್ಲ. ಬ್ಯಾಟರಿ ಕಮ್ಮಿ ಇತ್ತು ಅಂತ ಲ್ಯಾಪ್‌ಟಾಪಿನ ಚಾರ್ಜರ್ ಸಿಗಿಸಿದೆ. ರೀಡಿಂಗ್ ದಢಕ್ಕನೆ ಮೈನಸ್ 340ಕ್ಕೆ ಬಿತ್ತು. ಮೈನಸ್ 273ಕ್ಕಿಂತ ಕೆಳಗೆ ಈ ಜಗತ್ತಿನಲ್ಲಿ ಚಳಿಯೇ ಇಲ್ಲ. ಮಾವ ಕನ್ನಡಕ ಸರಿಮಾಡಿಕೊಂಡು "ಐಸ್ ಕ್ರೀಂ ಆಯ್ತಾ?" ಅಂದರು.

ಚಾರ್ಜರ್ ಕಿತ್ತೆ, 174. ಹಾಕಿದೆ, ಮೈನಸ್ 340. ಚಾರ್ಜರ್ ಹಾಕಿಟ್ಟೇ ಕಡ್ಡಿಯನ್ನು ಡ್ರಮ್ಮಿನಿಂದ ಎಳೆದು ಬಟ್ಟೆಯಲ್ಲಿ ಹಿಡಿದೆ, ಮತ್ತೆ ಸರಿಯಾಯಿತು. ಅದರ ತುದಿಯನ್ನು ಡ್ರಮ್ಮಿಗೆ ಸುಮ್ನೆ ಮುಟ್ಟಿಸಿದರೆ ಸಾಕು, ಬಿತ್ತು. ಬೀಜ ಸೀಯುತ್ತೆ ಅಂತ ಮಾವ ಗೊಣಗುತ್ತಿದ್ದರು. ನಾನು ಮಲ್ಟಿಮೀಟರನ್ನು ಬೀಪ್‌ಗೆ (ಎರಡು ಕಡೆ ಒಳಗೊಳಗೇ ಸೇರಿದ್ದರೆ ಕೂಗುತ್ತೆ) ಹಾಕಿ, ಒಂದು ಮೊನೆ ಡ್ರಮ್ಮಿಗೆ, ಇನ್ನೊಂದು ಯುಎಸ್‌ಬಿಯ ಲೋಹಕ್ಕೆ ಮುಟ್ಟಿಸಿದೆ. ಚಾರ್ಜರ್ ಹಾಕಿದಾಗ ಮಾತ್ರ ಬೀಪ್. ಆಮೇಲೆ ಕಡ್ಡಿಯ ಸ್ಟೀಲಿಗೂ ಕೆಂಪು ವೈರಿಗೂ ಮುಟ್ಟಿಸಿದೆ. ಬೀಪ್.

ಅಂಗಡಿಯವರು ಕೇಳಿದ್ದು ಇದನ್ನೇ. ಗ್ರೌಂಡೆಡ್ ಅಂದರೆ ಒಳಗಿನ ಬೆಸುಗೆ ಸ್ಟೀಲ್ ಕೊಳವೆಗೇ ಅಂಟಿರುತ್ತೆ. ಕೊಳವೆ ಡ್ರಮ್ಮಿಗೆ, ಡ್ರಮ್ ಮೋಟಾರಿನ ಮೂರು ಪಿನ್ನಿನ ಅರ್ತಿಗೆ, ಆ ಅರ್ತ್ ಚಾರ್ಜರಿನ ಮೂರನೇ ಪಿನ್ನಿನಿಂದ ಲ್ಯಾಪ್‌ಟಾಪಿನ ಗ್ರೌಂಡಿಗೆ, ಅಲ್ಲಿಂದ ನನ್ನ ಬೋರ್ಡಿಗೆ. ಅಷ್ಟು ಕಷ್ಟಪಟ್ಟು ಕಿಟಕಿಗೆ ಹತ್ತಿಸಿದ 2.5 ವೋಲ್ಟನ್ನು ಯಾರೋ ಕಾಲು ಹಿಡಿದು ಅಂಗಳಕ್ಕೆ ಎಳೆದ ಹಾಗಾಯಿತು. ಬೆಂಗಳೂರಿನಲ್ಲಿ ಮರದ ಮೇಜಿನ ಮೇಲಿನ ಪಾತ್ರೆಗೆ ಅರ್ತ್ ಎಲ್ಲಿತ್ತು? ಮಧ್ಯೆ ಆ 10 ಕಿಲೋ ಓಮ್ ಇದ್ದಿದ್ದರಿಂದ ಬಫರ್ ನೇರವಾಗಿ ಶಾರ್ಟ್ ಆಗಲಿಲ್ಲ, ಅದೊಂದು ಪುಣ್ಯ.

ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಮುಗಿಸಿದೆವು. ಬೀಜ ಸ್ವಲ್ಪ ಜಾಸ್ತಿನೇ ಕಪ್ಪಾಗಿತ್ತು. ಅತ್ತೆ ಅದನ್ನು ನನ್ನ ಬ್ಯಾಗಿಗೇ ಹಾಕಿದರು.

ವಾಪಸ್ ಬಂದು ಅನ್‌ಗ್ರೌಂಡೆಡ್ ಕಡ್ಡಿ ತಂದೆ. ಬೆಸುಗೆಗೂ ಕೊಳವೆಗೂ ಮಧ್ಯೆ ಇನ್ಸುಲೇಷನ್ ಇರೋದರಿಂದ ರೀಡಿಂಗ್ ಸ್ವಲ್ಪ ನಿಧಾನ, ಆದರೆ ಅರ್ತಿನ ಕಾಟ ಇಲ್ಲ. ಕೊರಿಯರ್ ಮಾಡಿ, ವೈರಿನ ಬಣ್ಣ ಫೋನಲ್ಲೇ ಹೇಳಿದೆ. ಮುಂದಿನ ವಾರ ಮಾವನ ಫೋನು.

"ಚಾರ್ಜರ್ ಹಾಕಿದ್ದೀರಾ ಮಾವ?"

"ಹಾಕಿದ್ದೀನಿ. 197 ಅಂತಿದೆ. ಬೀಜ ಚಟಚಟ ಅಂತಿದೆ, ಆಮೇಲೆ ಮಾಡ್ತೀನಿ, ಇಡು."